ಕೋಳಿ ಮದ್ದಿನ ಪೊಟ್ಟಣಗಳು

ನಮ್ಮ ಪೊಡಿಯಬ್ಬ ಮಾಮ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಸೌದಿಯ ಖತೀಫ್‌ನಿಂದ ಒಂದೂವರೆ ಗಂಟೆಯ ದಾರಿಯಷ್ಟು ಒಳಗೆ, ಮರಳಿನ ನಡುವೆ ಇದ್ದ ಆ ಕೋಳಿ ಫಾರ್ಮಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಡಾಕ್ಟರ್ ಸಾಬ್ ಎಂದು. ಬಾಂಗ್ಲಾದವರು, ನೇಪಾಳದವರು, ಬಿಹಾರದವರು, ಕೊನೆಗೆ ಸುಡಾನಿನ ಮೇಲ್ವಿಚಾರಕ ಕೂಡ ಹಾಗೆಯೇ ಕರೆಯತೊಡಗಿದ್ದ. ಮೊದಲು ತಮಾಷೆಗೆ ಹುಟ್ಟಿದ ಹೆಸರು ಅದು. ಆಮೇಲೆ ತಮಾಷೆ ಉದುರಿಹೋಗಿ ಹೆಸರು ಮಾತ್ರ ಉಳಿಯಿತು. ಅದನ್ನು ಅವರಿಗೆ ಕೊಡಿಸಿದವನು ನಾನು. ಅವರಿಂದ ಕಿತ್ತುಕೊಂಡವನೂ ನಾನೇ.

ಮಾಮ ಎಂದರೆ ನನ್ನ ತಾಯಿಯ ಅಣ್ಣ. ಉಪ್ಪಿನಂಗಡಿ ಕಡೆಯವರು. ನನ್ನ ತಂದೆ ತೀರಿಕೊಂಡಾಗ ನಾನು ಏಳನೇ ಕ್ಲಾಸಿನಲ್ಲಿದ್ದೆ. ಅಲ್ಲಿಂದ ಮಂಗಳೂರಿನಲ್ಲಿ ಲ್ಯಾಬ್ ಟೆಕ್ನಿಶಿಯನ್ ಕೋರ್ಸು ಮುಗಿಸುವವರೆಗೆ ನನ್ನನ್ನು ಓದಿಸಿದವರು ಅವರು. ಕೇಳಿದರೆ, ಓದಿಸಿದ್ದು ನಾನಲ್ಲ, ಫಾರ್ಮಿನ ಕೋಳಿಗಳು ಎಂದು ನಗುತ್ತಿದ್ದರು. ನನಗೆ ಖತೀಫ್‌ನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ದಮ್ಮಾಮ್‌ನಲ್ಲಿ ವಿಮಾನ ಇಳಿದ ದಿನ, ಕೋಳಿ ಸಾಗಿಸುವ ಪಿಕಪ್‌ನಲ್ಲಿ ಕರೆದುಕೊಂಡು ಹೋಗಲು ಬಂದಿದ್ದರು. ಹೊಸ ಶರ್ಟಿಗೆ ಪುಕ್ಕ ಅಂಟಿತೆಂದು ನಾನು ಮುಖ ಸಿಂಡರಿಸಿದೆ. ಅಷ್ಟು ದೊಡ್ಡ ಮನುಷ್ಯ ನಾನು, ಮೊದಲ ದಿನವೇ.

ನನ್ನ ಕೆಲಸ ರೋಗಿಗಳ ರಕ್ತ, ಮೂತ್ರ, ಕೀವಿನಿಂದ ಬ್ಯಾಕ್ಟೀರಿಯಾ ಬೆಳೆಸಿ, ಅದು ಯಾವ ಆ್ಯಂಟಿಬಯಾಟಿಕ್‌ಗೆ ಸಾಯುತ್ತದೆಂದು ನೋಡಿ ಹೇಳುವುದು. ದುಂಡನೆಯ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸವರಿ, ಅದರ ಮೇಲೆ ಮದ್ದಿನ ಪುಟ್ಟ ಬಿಲ್ಲೆಗಳನ್ನು ಇಡುತ್ತೇವೆ. ಮದ್ದು ನಾಟಿದರೆ ಬಿಲ್ಲೆಯ ಸುತ್ತ ಒಂದಿಷ್ಟು ಜಾಗ ಏನೂ ಬೆಳೆಯದೆ ಖಾಲಿ ಉಳಿಯುತ್ತದೆ. ನಾಟದಿದ್ದರೆ ಬಿಲ್ಲೆಯ ಅಂಚಿನವರೆಗೂ ಬೆಳೆದಿರುತ್ತದೆ. ಹದಿನೈದು ವರ್ಷಗಳಿಂದ ನೋಡುತ್ತಿದ್ದೇನೆ, ಆ ಖಾಲಿ ಜಾಗ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಈ ವಿಷಯದಲ್ಲಿ ನಾನು ರೇಗದ ಜನರಿಲ್ಲ. ಮೂರು ದಿನ ಮಾತ್ರೆ ತಿಂದು ನಾಲ್ಕನೇ ದಿನ ಬಿಡುವವರ ಮೇಲೆ, ಕೇಳಿದವರಿಗೆಲ್ಲ ಮಾತ್ರೆ ಹಂಚುವವರ ಮೇಲೆ, ಊರಿಂದ ಸೂಟ್‌ಕೇಸಿನಲ್ಲಿ ಮದ್ದು ತುಂಬಿಕೊಂಡು ಬರುವ ನಮ್ಮವರ ಮೇಲೆ ಉರಿದು ಬೀಳುತ್ತಿದ್ದೆ. ನನ್ನೊಬ್ಬನನ್ನು ಬಿಟ್ಟು.

ಎರಡು ಸಾವಿರದ ಇಪ್ಪತ್ತನೇ ಇಸವಿ. ಆ ವರ್ಷ ಈ ದೇಶದಲ್ಲಿ ಎಲ್ಲಕ್ಕಿಂತ ಮೊದಲು ಬಾಗಿಲು ಹಾಕಿಸಿಕೊಂಡ ಊರು ಖತೀಫ್. ನಾನು ಒಳಗೆ, ಮಾಮ ಹೊರಗೆ. ಒಂದು ದಿನ ಬೆಳಿಗ್ಗೆ ಮಾಮ ಫೋನ್ ಮಾಡಿದರು. ಅವರ ಕೋಣೆಯಲ್ಲಿ ಐದು ಜನಕ್ಕೆ ಜ್ವರ, ಎದ್ದು ಕೂರುವ ತ್ರಾಣವಿಲ್ಲ. ಫಾರ್ಮಿನ ಗೇಟಿಗೆ ಬೀಗ. ಯಾವ ಗಾಡಿಯೂ ಹೊರಗೆ ಹೋಗಬಾರದೆಂದು ಹುಕುಂ. ಅದುವರೆಗೆ ಮಾಮ ಅಳುವುದನ್ನು ನಾನು ಕೇಳಿರಲಿಲ್ಲ.

"ಎಂತಾದ್ರೂ ಹೇಳು ಮೋನೇ. ನೀನು ಕಲಿತವ," ಎಂದರು.

ಅಲ್ಲಿ ಏನು ಮದ್ದಿದೆ ಎಂದು ಕೇಳಿದೆ. ಕೋಳಿ ಮದ್ದು ಬಿಟ್ಟರೆ ಬೇರೇನಿಲ್ಲ ಎಂದರು. ಪೊಟ್ಟಣಗಳ ಫೋಟೋ ಕಳಿಸಲು ಹೇಳಿದೆ. ಬೆಳ್ಳಿ ಬಣ್ಣದ ಒಂದು ಪೊಟ್ಟಣದ ಮೇಲೆ ಹುಂಜದ ಚಿತ್ರವಿತ್ತು. ಕೆಳಗೆ ಎರಡು ಮದ್ದಿನ ಹೆಸರು. ಮೊದಲನೆಯದು ಮನುಷ್ಯರಿಗೂ ದಿನಾ ಕೊಡುವಂಥದ್ದು. ಎರಡನೆಯದು ಕೊಲಿಸ್ಟಿನ್. ಎಲ್ಲ ಮದ್ದೂ ಸೋತ ಮೇಲೆ ಐಸಿಯುನಲ್ಲಿ ಕಟ್ಟಕಡೆಗೆ ತೆಗೆಯುವ ಮದ್ದು ಅದು. ಅದನ್ನು ನೀರಿಗೆ ಕಲಸಿ ಕೋಳಿಗಳಿಗೆ ಕುಡಿಸುತ್ತಾರೆಂದು ಓದಿ ಗೊತ್ತಿತ್ತು. ಪೊಟ್ಟಣದ ಮೇಲೆ ಕಣ್ಣಾರೆ ಕಂಡದ್ದು ಅಂದೇ. ಆ ಹೆಸರಿನ ಮೇಲೆ ಕಣ್ಣು ಒಂದು ಕ್ಷಣ ನಿಂತಿತು. ಆಮೇಲೆ ಮೊದಲನೆಯ ಹೆಸರನ್ನು ಹಿಡಿದುಕೊಂಡು, ಕೋಳಿಯ ತೂಕದ ಲೆಕ್ಕವನ್ನು ಮನುಷ್ಯನ ತೂಕಕ್ಕೆ ಹೊಂದಿಸಿ, ಹೊತ್ತಿಗೆ ಎಷ್ಟು, ಎಷ್ಟು ದಿನ ಎಂದು ಹೇಳಿಬಿಟ್ಟೆ.

ಆರನೇ ದಿನ ಐವರೂ ಎದ್ದು ಕೂತರು. ಅದು ಆ ವರ್ಷ ಊರೆಲ್ಲ ಹಬ್ಬಿದ ಜ್ವರ. ಅದಕ್ಕೂ ಈ ಪುಡಿಗೂ ಸಂಬಂಧವಿಲ್ಲ. ಅವರ ಪಾಲಿಗೆ ಅದು ತನ್ನಷ್ಟಕ್ಕೆ ಇಳಿಯಲಿದ್ದದ್ದು, ಇಳಿಯಿತು. ಇದು ನನಗೆ ಅಂದೇ ಗೊತ್ತಿತ್ತು. ಮಾಮ ಫೋನ್ ಮಾಡಿ, ನೀನು ಐದು ಜೀವ ಉಳಿಸಿದೆ ಎಂದಾಗ ಅಲ್‌ಹಮ್‌ದುಲಿಲ್ಲಾಹ್ ಎಂದು ಸುಮ್ಮನಾದೆ. ಹೊಗಳಿಕೆ ರುಚಿಯಾಗಿತ್ತು.

ಆಮೇಲೆ ಮಾಮನ ಡಾಕ್ಟರಿಕೆ ಶುರುವಾಯಿತು. ಪುಡಿಯನ್ನು ಹಾಲಿನ ಪುಡಿಯ ಖಾಲಿ ಡಬ್ಬಿಯಲ್ಲಿ ತುಂಬಿಟ್ಟರು. ಯಾರಿಗೆ ಹೊಟ್ಟೆ ಕೆಟ್ಟರೂ, ಗಂಟಲು ನೋವಾದರೂ, ಹಲ್ಲಿನ ಬುಡ ಊದಿದರೂ ಅದೇ ಮದ್ದು. ಆಸ್ಪತ್ರೆಗೆ ಹೋಗಬೇಕಾದರೆ ಮೇಲ್ವಿಚಾರಕನನ್ನು ಕೇಳಬೇಕು, ಗಾಡಿ ಸಿಗಬೇಕು, ಒಂದು ದಿನ ಹಾಳು. ಡಾಕ್ಟರ್ ಸಾಬ್ ಆದರೆ ಪಕ್ಕದ ಮಂಚದಲ್ಲೇ ಇದ್ದಾರೆ. ಕಾಗದದ ಚೂರಿನಲ್ಲಿ ಪುಡಿ ಕಟ್ಟಿ, ಹೊರಗೆ ರೋಗಿಯ ಹೆಸರು ಬರೆದು ಕೊಡುತ್ತಿದ್ದರಂತೆ. ಶುಕ್ರವಾರ ಜುಮಾ ಮುಗಿಸಿ ನನ್ನ ಮನೆಗೆ ಊಟಕ್ಕೆ ಬಂದಾಗಲೆಲ್ಲ ವಾರದ ವರದಿ ಒಪ್ಪಿಸುತ್ತಿದ್ದರು. ಇದನ್ನು ಅಭ್ಯಾಸ ಮಾಡಬೇಡಿ ಮಾಮ ಎಂದು ನಾನು ಹೇಳಿದ್ದುಂಟು, ಸುಳ್ಳಲ್ಲ. ಆದರೆ ಬಿರಿಯಾನಿ ಬಡಿಸುತ್ತಾ, ನಗುತ್ತಾ ಹೇಳಿದೆ. ನೀನು ಹೇಳಿದ ಅಳತೆಗಿಂತ ಒಂದು ಕಾಳೂ ಹೆಚ್ಚು ಕೊಡುವುದಿಲ್ಲ ಎಂದು ಅವರೂ ನಕ್ಕರು. ಬೇರೆಯವರ ಮೇಲೆ ಉರಿದು ಬೀಳುವ ನನ್ನ ಬಾಯಿ ಆ ಊಟದ ಮುಂದೆ ಅಷ್ಟಕ್ಕೇ ಮುಚ್ಚಿಕೊಳ್ಳುತ್ತಿತ್ತು.

ಎರಡು ವರ್ಷದ ಹಿಂದೆ ಮಾಮನಿಗೆ ಬೆನ್ನು ನೋವು ಬಂದು ಶೆಡ್ಡಿನ ಕೆಲಸ ಆಗದಾಯಿತು. ಕಾಲುವೆಯ ಕೆಲಸಕ್ಕೆ ಹಾಕಿದರು. ಶೆಡ್ಡುಗಳನ್ನು ತೊಳೆದ ನೀರು ಒಂದು ಸಿಮೆಂಟ್ ಕಾಲುವೆಯಲ್ಲಿ ಹರಿದು ಹಿಂದಿನ ದೊಡ್ಡ ಹೊಂಡ ಸೇರುತ್ತದೆ. ಕಾಲುವೆಯಲ್ಲಿ ಪುಕ್ಕ, ಹಿಕ್ಕೆ ಕಟ್ಟದಂತೆ ಎಳೆದು ಹಾಕುವುದು ಅವರ ಕೆಲಸ. ಕೋಳಿಗಳು ಕುಡಿದ ಮದ್ದಿನಲ್ಲಿ ಎಷ್ಟೋ ಪಾಲು ಹಿಕ್ಕೆಯಲ್ಲೇ ಹೊರಗೆ ಬರುತ್ತದೆ. ಕಾಲುವೆಯ, ಹೊಂಡದ ನೀರಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ದಿನಾ ಸ್ವಲ್ಪ ಸ್ವಲ್ಪ ಮದ್ದು ಸಿಗುತ್ತದೆ, ಸಾಯುವಷ್ಟಲ್ಲ, ಪಳಗುವಷ್ಟು. ಸಾಯುವವು ಸತ್ತು, ಮದ್ದಿಗೆ ಜಗ್ಗದವು ಉಳಿದು ಹೆಚ್ಚುತ್ತವೆ. ಇದನ್ನು ನಾನು ಆಸ್ಪತ್ರೆಯಲ್ಲಿ ಹೊಸಬರಿಗೆ ಪಾಠ ಮಾಡುತ್ತೇನೆ, ಗೋಡೆಗೆ ಚಿತ್ರ ಕೂಡ ಅಂಟಿಸಿದ್ದೇನೆ. ಮಾಮ ಚಪ್ಪಲಿಯಲ್ಲಿ ಆ ನೀರಿಗೆ ಇಳಿಯುತ್ತಾರೆಂದು ಗೊತ್ತಿದ್ದೂ ಒಂದು ಜೊತೆ ಬೂಟು ತಂದುಕೊಡಲು ನನಗೆ ನೆನಪಾಗಲಿಲ್ಲ.

ಕಳೆದ ಮಾರ್ಚಿನಲ್ಲಿ ಮಾಮ ಕೊನೆಯ ಸಲ ಊಟಕ್ಕೆ ಬಂದರು. ಧೂಳಿನ ಗಾಳಿ ಬೀಸುತ್ತಿದ್ದ ವಾರ, ನಾನು ಕೆಮ್ಮುತ್ತಾ ಕೂತಿದ್ದೆ. ಎಂತ ಕೆಮ್ಮು ಮಾರಾಯ ಎಂದು ಎರಡು ಸಲ ಕೇಳಿದರು. ತಮ್ಮ ಮೊಣಕಾಲಿನ ಕೆಳಗೆ ಕಾಲುವೆಯ ತಗಡು ಗೀರಿದೆ ಎಂಬುದನ್ನು ಹೇಳಲಿಲ್ಲ. ಸಕ್ಕರೆ ಕಾಯಿಲೆಯವರು. ಗಾಯಕ್ಕೆ ಪುಡಿ ಉದುರಿಸಿ ಬಟ್ಟೆ ಕಟ್ಟಿ, ಹೊಟ್ಟೆಗೂ ಅದನ್ನೇ ತೆಗೆದುಕೊಂಡು, ಮತ್ತೆ ಹನ್ನೆರಡು ದಿನ ಅದೇ ನೀರಿಗೆ ಇಳಿದಿದ್ದರು.

ನನಗೆ ಫೋನ್ ಮಾಡಿದವನು ನೂರುದ್ದೀನ್. ಬಿಹಾರದವನು, ಮಾಮನ ಪಕ್ಕದ ಮಂಚದವನು. ಆ ಐದು ಜನರಲ್ಲಿ ಒಬ್ಬ. ಡಾಕ್ಟರ್ ಸಾಬ್ ನಡುಗುತ್ತಿದ್ದಾರೆ, ಮಾತು ತಪ್ಪುತ್ತಿದೆ ಎಂದ. ನಮಗೆಲ್ಲ ಅವರಿದ್ದರು, ಅವರಿಗೆ ಮದ್ದು ಕೊಡುವವರು ಇಲ್ಲಿ ಯಾರೂ ಇಲ್ಲ ಎಂದ.

ಆಸ್ಪತ್ರೆಗೆ ಬಂದಾಗ ಕಾಲು ಮೊಣಕಾಲಿನವರೆಗೆ ಕಪ್ಪಾಗಿತ್ತು. ಈಜಿಪ್ಟಿನ ಡಾಕ್ಟರ್ ಇಮಾದ್ ಗಾಯದಿಂದ ಕೀವು, ತೋಳಿನಿಂದ ರಕ್ತ ತೆಗೆದು ಲ್ಯಾಬಿಗೆ ಕಳಿಸಿದರು. ಬೇರೆಯವರ ಕೈಗೆ ಕೊಡದೆ ನಾನೇ ಮಾಡಿದೆ. ತಟ್ಟೆಯಲ್ಲಿ ಹನ್ನೆರಡು ಬಿಲ್ಲೆ ಇಟ್ಟಿದ್ದೆ. ಮರುದಿನ ಮುಚ್ಚಳ ತೆಗೆದರೆ ಹನ್ನೆರಡರ ಸುತ್ತಲೂ ಅಂಚಿನವರೆಗೆ ದಟ್ಟವಾಗಿ ಬೆಳೆದಿತ್ತು. ಮುಚ್ಚಳ ಮುಚ್ಚಿ ಮತ್ತೊಮ್ಮೆ ತೆಗೆದು ನೋಡಿದೆ. ಇಷ್ಟು ವರ್ಷ ಬೇರೆಯವರ ಮನೆಯವರ ತಟ್ಟೆ ನೋಡಿ ವರದಿ ಬರೆದು ಚಹಾ ಕುಡಿಯಲು ಹೋಗುತ್ತಿದ್ದವನು ನಾನು.

ಮಾಮನನ್ನು ನೋಡಲು ಬಂದ ನೂರುದ್ದೀನ್ ನಾನು ಹೇಳಿದಂತೆ ಕಾಲುವೆಯ ನೀರನ್ನು ಸೀಸೆಯಲ್ಲಿ ತಂದಿದ್ದ. ಅದರಲ್ಲೂ ಬೆಳೆಸಿ ನೋಡಿದೆ. ಅದೇ ಬ್ಯಾಕ್ಟೀರಿಯಾ. ಅದೇ ಹನ್ನೆರಡು ಮದ್ದುಗಳ ಸೋಲು.

ಡಾಕ್ಟರ್ ಇಮಾದ್‌ಗೆ ಉಳಿದದ್ದು ಕೊಲಿಸ್ಟಿನ್ ಒಂದೇ. ಅದನ್ನು ಶುರು ಮಾಡಿ, ನನಗೆ ಪರೀಕ್ಷೆ ಮಾಡಲು ಹೇಳಿದರು. ಕೊಲಿಸ್ಟಿನ್‌ಗೆ ಬಿಲ್ಲೆ ನಡೆಯುವುದಿಲ್ಲ. ಸಾಲಾಗಿರುವ ಸಣ್ಣ ಗುಳಿಗಳಲ್ಲಿ ಮದ್ದನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹಾಕಿ, ಎಲ್ಲಿ ನೀರು ತಿಳಿಯಾಗಿ ಉಳಿಯುತ್ತದೆಂದು ನೋಡಬೇಕು. ಯಾ ಅಲ್ಲಾಹ್, ಒಂದು ಗುಳಿಯಾದರೂ ತಿಳಿಯಾಗಿರಲಿ ಎಂದು ಬೇಡಿಕೊಂಡೆ. ಕೊನೆಯ ಗುಳಿಯವರೆಗೂ ಕದಡಿತ್ತು.

ವರದಿ ಹಿಡಿದುಕೊಂಡು ಡಾಕ್ಟರ್ ಮಾಮನ ಮಂಚದ ಬಳಿ ಬಂದರು. ನಾನೂ ಜೊತೆಗಿದ್ದೆ. ಇದಕ್ಕೆ ಮೊದಲು ಏನು ಮದ್ದು ತೆಗೆದುಕೊಂಡಿದ್ದೀರಿ ಎಂದು ಕೇಳಿದರು. ಮಾಮನಿಗೆ ಅಂದು ಸ್ವಲ್ಪ ಎಚ್ಚರವಿತ್ತು. ದಿಂಬಿನಿಂದ ತಲೆ ಎತ್ತಿ, ಫಾರ್ಮಿನಲ್ಲಿ ಮೂವತ್ತು ವರ್ಷ ಕಲಿತ ಅರಬಿಯಲ್ಲಿ ಪುಡಿಯ ಕಥೆಯನ್ನೆಲ್ಲ ಹೇಳಿದರು. ಆಮೇಲೆ ನನ್ನ ಕಡೆ ಕೈ ತೋರಿಸಿದರು. ಅವರ ಮುಖದಲ್ಲಿದ್ದದ್ದು ಹೆಮ್ಮೆ.

"ಇವ ರಾಝಿಕ್, ನನ್ನ ತಂಗಿಯ ಮಗ. ನಿಮ್ಮ ಲ್ಯಾಬಿನಲ್ಲೇ ಇರುವುದು. ಮದ್ದು ಹೇಳಿಕೊಟ್ಟದ್ದು ಇವನೇ."

ಡಾಕ್ಟರ್ ಇಮಾದ್ ನನ್ನನ್ನು ನೋಡಿದರು. ಬೈಯಲಿಲ್ಲ. ಪುಡಿಯಲ್ಲಿ ಏನಿತ್ತು ಎಂದಷ್ಟೇ ಕೇಳಿದರು. ನಾನು ಎರಡೂ ಹೆಸರು ಹೇಳಿದೆ. ಎರಡನೆಯದನ್ನು ಹೇಳುವಾಗ ಅವರ ಪೆನ್ನು ನಿಂತಿತು, ಮತ್ತೆ ಬರೆಯಿತು. ಹೊರಗೆ ಕರೆದು, ನಾಳೆ ಕಾಲು ತೆಗೆಯುತ್ತೇವೆ, ಆದರೆ ನಂಜು ರಕ್ತಕ್ಕೆ ಇಳಿದಾಗಿದೆ, ಮನೆಯವರಿಗೆ ತಿಳಿಸು ಎಂದರು.

ಮನೆಯವನು ಅಲ್ಲಿ ನಾನೇ. ಸಂಜೆಯ ಅಸರ್ ನಮಾಜ್ ಮುಗಿಸಿ ಹೋಗಿ ಮಾಮನ ಪಕ್ಕ ಕೂತೆ. ಕಾಲಿನ ವಿಷಯ ಹೇಳಿದೆ. ಅವರು ತಲೆಯಾಡಿಸಿದರು. ಇನ್ನೊಂದು ಹೇಳುವುದಿತ್ತು. ಇಂದು ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎನಿಸಿತು.

"ಮಾಮ, ಆವತ್ತು ಆ ಐದು ಜನ ಬದುಕಿದ್ದು ಪುಡಿಯಿಂದ ಅಲ್ಲ. ಅದು ತನ್ನಷ್ಟಕ್ಕೆ ಬಿಡುವ ಜ್ವರ. ನನಗೆ ಆಗಲೇ ಗೊತ್ತಿತ್ತು."

ಅವರು ನನ್ನ ಕಡೆ ತಿರುಗಿದರು. "ಆಮೇಲೆ ನಾನು ಕೊಟ್ಟದ್ದೆಲ್ಲ?"

"ಕೆಲವು ಸಲ ನಾಟಿರಬಹುದು. ಹೆಚ್ಚಿನದು ಸುಮ್ಮನೆ."

"ಈಗ ನನ್ನ ಕಾಲಿಗೆ ಮದ್ದು ಹಿಡಿಯದೇ ಇರುವುದು ಅದರಿಂದವಾ?"

"ಆ ನೀರಿನಿಂದ. ಆ ಪುಡಿಯಿಂದ. ನನ್ನಿಂದ, ಮಾಮ."

ಬೈಯಲಿ, ಕೆನ್ನೆಗೆ ಒಂದು ಹೊಡೆಯಲಿ ಎಂದು ಕಾದು ಕೂತೆ. ಅವರು ಕೇಳಿದ್ದು ಬೇರೆ.

"ನೂರುದ್ದೀನ್‌ಗೆ ಇದು ಗೊತ್ತುಂಟಾ?"

ಇಲ್ಲ ಎಂದೆ.

"ಹೇಳ್ಬೇಡ ಮೋನೇ. ಇಪ್ಪತ್ತೈದು ವರ್ಷ ನನ್ನನ್ನು ಅಲ್ಲಿ ಏಯ್ ಅಂತ ಕರೆದದ್ದು. ಈಗ ಸಾಬ್ ಅಂತಾರೆ. ಅದೊಂದು ಇರ್ಲಿ."

ಹೇಳುವುದಿಲ್ಲ ಎಂದು ಕೈ ಹಿಡಿದು ಮಾತು ಕೊಟ್ಟೆ. ಆಗ ನಾನು ಅತ್ತೆ. ಅವರು ನನ್ನ ಕೈಯನ್ನು ಹಾಗೇ ಹಿಡಿದುಕೊಂಡು, ಕೆಮ್ಮು ಕಡಿಮೆ ಆಯಿತಾ ಎಂದು ಕೇಳಿದರು.

ಕಾಲು ತೆಗೆದರು. ಮೂರನೇ ದಿನ ಮಾಮ ತೀರಿಕೊಂಡರು. ಅಲ್ಲೇ ಮಣ್ಣು ಮಾಡಿ ಎಂದು ಊರಿನಿಂದ ಮೈಮೂನತ್ ಮಾಮಿ ಒಪ್ಪಿಗೆ ಕೊಟ್ಟರು. ಮಯ್ಯತ್ತನ್ನು ತೊಳೆದದ್ದು ನಾನು ಮತ್ತು ನೂರುದ್ದೀನ್. ಆಮೇಲೆ ಫೋನಿನಲ್ಲಿ ಮಾಮಿ, ಅವರ ಮದ್ದಿನಿಂದ ಅಲ್ಲಿ ಎಷ್ಟೋ ಜನಕ್ಕೆ ಗುಣ ಆಗಿದೆಯಂತೆ, ಆ ಪುಣ್ಯ ಅವರ ಜೊತೆ ಹೋಗಲಿ ಎಂದರು. ಹೌದು ಮಾಮಿ ಎಂದೆ.

ಮುಂದಿನ ಶುಕ್ರವಾರ ಮಾಮನ ಪೆಟ್ಟಿಗೆ ತರಲು ಫಾರ್ಮಿಗೆ ಹೋದೆ. ಎಂಟು ಮಂಚಗಳ ಕೋಣೆ. ಮಾಮನ ಮಂಚದ ಮೇಲೆ ಯಾರೂ ಕೂತಿರಲಿಲ್ಲ, ಹೊದಿಕೆ ಮಡಚಿಟ್ಟ ಹಾಗೇ ಇತ್ತು. ಎಲ್ಲರೂ ಎದ್ದು ನಿಂತು ಸಲಾಂ ಹೇಳಿದರು. ನನಗೆ ಮೊದಲು ಚಹಾ ಕೊಟ್ಟರು. ಆಮೇಲೆ ನೂರುದ್ದೀನ್ ಕಪಾಟಿನಿಂದ ಆ ಹಾಲಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮುಂದಿಟ್ಟ. ಅಳತೆ ನಿಮಗೆ ಗೊತ್ತಂತೆ, ಡಾಕ್ಟರ್ ಸಾಬ್ ಯಾವಾಗಲೂ ಹೇಳುತ್ತಿದ್ದರು, ಇನ್ನು ತಿಂಗಳಿಗೊಮ್ಮೆ ನೀವೇ ಬಂದು ಕಟ್ಟಿಕೊಡಿ ಎಂದ. ಒಬ್ಬನಿಗೆ ಈಗಲೇ ಬೇಕಾಗಿದೆ ಎಂದು ಅಬ್ದುಲ್ ಹಮೀದ್ ಎಂಬ ಬಾಂಗ್ಲಾದವನನ್ನು ಮುಂದೆ ಕರೆದ. ಐವತ್ತು ದಾಟಿದ ಮನುಷ್ಯ. ಮಾಮ ಆಸ್ಪತ್ರೆ ಸೇರಿದ ಮೇಲೆ ಕಾಲುವೆಯ ಕೆಲಸಕ್ಕೆ ಅವನನ್ನು ಹಾಕಿದ್ದರು. ಹಿಮ್ಮಡಿಗೆ ಬಟ್ಟೆ ಕಟ್ಟಿಕೊಂಡಿದ್ದ. ನನ್ನ ಮುಂದೆ ಅಂಗೈ ಚಾಚಿದ.

ಸುಮ್ಮನೆ ಅವನನ್ನು ಆಸ್ಪತ್ರೆಗೆ ಕರೆದೊಯ್ದರೆ ಸಾಕಲ್ಲವೇ, ಬೇರೇನೂ ಹೇಳಬೇಕಾಗಿಲ್ಲ ಎಂದು ಮನಸ್ಸು ಹೇಳಿತು. ಆದರೆ ಡಬ್ಬಿ ಮುಗಿದರೆ ಮತ್ತೆ ತುಂಬಿಕೊಳ್ಳಲು ಗೋದಾಮಿನಲ್ಲಿ ಮೂಟೆಗಟ್ಟಲೆ ಪುಡಿಯಿದೆ. ಆ ಪುಡಿಗೆ ಡಾಕ್ಟರ್ ಸಾಬ್ ಎಂಬ ಹೆಸರಿನ ಬೆಂಬಲ ಇರುವವರೆಗೆ ಇವರು ಅದನ್ನು ಬಿಡುವುದಿಲ್ಲ. ಮಾಮನಿಗೆ ಕೊಟ್ಟ ಮಾತನ್ನು ಮುರಿದೆ.

ನನಗೆ ಬರುವ ಹಿಂದಿಯಲ್ಲಿ ಹೇಳಿದೆ. "ಇದು ಕೋಳಿಯ ಮದ್ದು. ಅವರು ಸತ್ತದ್ದು ಇದರಿಂದ. ಅವರು ಡಾಕ್ಟರ್ ಅಲ್ಲ. ಮದ್ದಿನ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನಗೆ, ನಾನು ಬಾಯಿ ಬಿಡಲಿಲ್ಲ."

ನೂರುದ್ದೀನ್ ನನ್ನ ಮುಖವನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ. ನಾವಿಬ್ಬರೂ ಸೇರಿ ತೊಳೆದು ಕಫನ್ ಉಡಿಸಿದ ಮನುಷ್ಯನ ಮೇಲೆ ನಾನು ಕೆಸರು ಎರಚಿದ ಹಾಗಿತ್ತು. ಆಮೇಲೆ ಅವನೇ ಮೊದಲು ತನ್ನ ಮಂಚಕ್ಕೆ ಹೋಗಿ ಹಾಸಿಗೆಯ ಕೆಳಗಿನಿಂದ ಎರಡು ಪೊಟ್ಟಣ ತಂದು ಡಬ್ಬಿಯ ಪಕ್ಕ ಇಟ್ಟ. ಉಳಿದವರೂ ಒಬ್ಬೊಬ್ಬರಾಗಿ ತಂದರು. ದಿಂಬಿನ ಕೆಳಗಿನಿಂದ, ಬ್ಯಾಗಿನಿಂದ, ಕೆಲಸದ ಅಂಗಿಯ ಜೇಬಿನಿಂದ. ಒಂದೊಂದರ ಮೇಲೂ ಮಾಮನ ನಾಲ್ಕನೇ ಕ್ಲಾಸಿನ ದುಂಡು ಕನ್ನಡ ಅಕ್ಷರ. ಯಾರ ಹೆಸರು, ಯಾವ ನೋವು, ದಿನಕ್ಕೆ ಎಷ್ಟು ಹೊತ್ತು. ಅವರಲ್ಲಿ ಒಬ್ಬನಿಗೂ ಅದನ್ನು ಓದಲು ಬರುತ್ತಿರಲಿಲ್ಲ. ಆದರೂ ಜೋಪಾನವಾಗಿ ಇಟ್ಟುಕೊಂಡಿದ್ದರು.

ಮಾಮನ ದಿಂಬು ಎತ್ತಿದಾಗ ಅಲ್ಲೂ ಒಂದು ಪೊಟ್ಟಣವಿತ್ತು. ರಾಝಿಕ್, ಕೆಮ್ಮು, ಶುಕ್ರವಾರ ಕೊಡುವುದು ಎಂದು ಬರೆದಿದ್ದರು. ಅದೊಂದನ್ನು ಬೇರೆ ಇಟ್ಟುಕೊಳ್ಳಬೇಕೆನಿಸಿತು. ಇಟ್ಟುಕೊಳ್ಳಲಿಲ್ಲ. ಉಳಿದವುಗಳ ಜೊತೆ ಸೇರಿಸಿದೆ.

ಎಲ್ಲವನ್ನೂ ಅಲ್ಲೇ ಚೆಲ್ಲಿಬಿಡೋಣ ಎಂದು ಹೊರಗಿನ ನಲ್ಲಿಯ ತನಕ ಹೋದೆ. ನಲ್ಲಿಯ ನೀರು ಹರಿದು ಹೋಗುವುದೂ ಅದೇ ಕಾಲುವೆಗೆ. ಡಬ್ಬಿಯನ್ನು ವಾಪಸು ತಂದು, ಆಸ್ಪತ್ರೆಯಲ್ಲಿ ಸುಡಿಸಿದರಾಯಿತೆಂದು ಮಾಮನ ಪೆಟ್ಟಿಗೆಯ ಜೊತೆ ಕಾರಿನ ಡಿಕ್ಕಿಯಲ್ಲಿಟ್ಟೆ. ಅಬ್ದುಲ್ ಹಮೀದ್‌ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡೆ. ಮೇಲ್ವಿಚಾರಕ ಬಂದು ಅವನ ಕೆಲಸ ಯಾರು ಮಾಡುತ್ತಾರೆಂದು ಕೇಳಿದ. ನಾನು ಗಾಡಿ ಹೊರಡಿಸಿದೆ.

ಡಾಂಬರು ರಸ್ತೆ ಸಿಕ್ಕಾಗ ಅಬ್ದುಲ್ ಹಮೀದ್ ಹಿಂಜರಿಯುತ್ತಾ ಒಂದು ಪ್ರಶ್ನೆ ಕೇಳಿದ. ತಾನು ಬಂದು ಮೂರು ವರ್ಷ ಆಯಿತು, ಬಂದಂದಿನಿಂದ ಡಾಕ್ಟರ್ ಸಾಬ್ ಎಂದೇ ಕರೆದದ್ದು, ಇನ್ನು ಅವರಿಗಾಗಿ ದುವಾ ಮಾಡುವಾಗ ಏನೆಂದು ಹೇಳಲಿ, ಅವರ ಹೆಸರೇನು ಎಂದ.

"ಪೊಡಿಯಬ್ಬ," ಎಂದೆ.

ಅವನು ಹೇಳಿ ನೋಡಿದ, ತಪ್ಪಾಯಿತು. ನಾನು ಮತ್ತೊಮ್ಮೆ ಬಿಡಿಸಿ ಹೇಳಿದೆ. ಖತೀಫ್‌ನ ಖರ್ಜೂರದ ತೋಟಗಳು ಕಾಣುವವರೆಗೂ ಅವನು ಆ ಹೆಸರನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದ.